ಒಂದೇ ಹುಣಸೆಮರ, ಎರಡು ಜಾತಿ ಹಕ್ಕಿ: ಹೇನು ಯಾರದು, ರಕ್ತ ಹೀರುವ ಉಣ್ಣೆ ಯಾರದು?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಯೂ (ಪೆಲಿಕನ್) ಬಣ್ಣದ ಕೊಕ್ಕರೆಯೂ ಒಂದೇ ಮರದಲ್ಲಿ ಅಕ್ಕಪಕ್ಕ ಗೂಡು ಕಟ್ಟುತ್ತವೆ. ಹಾಗಾದರೆ ಒಂದರ ಹೇನು ಇನ್ನೊಂದಕ್ಕೆ ಹತ್ತಬೇಕಲ್ಲ? ಅದನ್ನು ನೋಡಲು ಹೊರಟವನು ನಾನು. ಅರಣ್ಯ ಇಲಾಖೆಯ ಲಿಖಿತ ಅನುಮತಿ ಕೈಗೆ ಬರುವವರೆಗೆ ಏನನ್ನೂ ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ.

ಹೇನಿನ ಕೆಲಸ ಸುಲಭ. ಗೂಡಿನಿಂದ ಬಿದ್ದ ಮರಿಗಳನ್ನು ಊರವರು ಆರೈಕೆ ಮಾಡುವಾಗ, ಬಿಳಿ ಬಟ್ಟೆಯ ಮೇಲೆ ಹಿಡಿದು ಮೆತ್ತನೆಯ ಬ್ರಷ್‌ನಿಂದ ಗರಿ ಕೆದರಿದರೆ ಸಾಕು. ಹೇನು ತನ್ನ ಹಕ್ಕಿಯನ್ನು ಬಿಟ್ಟು ಬದುಕುವುದು ಕಷ್ಟ, ಹಾಗಾಗಿ ಪಕ್ಕದ ಗೂಡಿಗೆ ಅಷ್ಟಾಗಿ ಹೋಗುವುದಿಲ್ಲ. ಹೆಜ್ಜಾರ್ಲೆಗಳ ಕೊಕ್ಕಿನ ಚೀಲದೊಳಗೇ ವಾಸಿಸುವ ಹೇನೊಂದಿದೆ, ಪಿಯಾಜೆಟಿಯೆಲ್ಲ. ಕೊಕ್ಕರೆಗೆ ಆ ಚೀಲವೇ ಇಲ್ಲ!

ಹೊಟ್ಟೆಹುಳುವಿನ ಕಥೆ ಬೇರೆ. 2017–18ರಲ್ಲಿ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಹೊಟ್ಟೆಯಲ್ಲಿ ದುಂಡುಹುಳುಗಳು ಸಿಕ್ಕಿದ್ದವು. ಮೀನು ತಿನ್ನುವ ಹಕ್ಕಿಗಳಲ್ಲಿ ಇರುವ ಕಾಂಟ್ರಸೀಕಮ್ ಎಂಬ ಹುಳುವಿನ ಮೊಟ್ಟೆ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಅಲ್ಲಿಂದ ಮರಿಹುಳು ಸಣ್ಣ ಜಲಜೀವಿಗೆ, ಮೀನಿಗೆ, ಮತ್ತೆ ಹಕ್ಕಿಗೆ. ಅಂದರೆ ಹಕ್ಕಿಗಳು ಇದನ್ನು ಹಂಚಿಕೊಳ್ಳುವುದು ಮರದಲ್ಲಲ್ಲ, ಕೆರೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕೂತು ಉಂಡಂತೆ. ಊರವರು ಮರದಡಿಯ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಒಯ್ಯುತ್ತಾರೆ. ಒಣ ಹೊಲದಲ್ಲಿ ಆ ಮೊಟ್ಟೆಗಳಿಗೆ ಮುಂದಿನ ದಾರಿಯೇ ಇಲ್ಲ.

ಹಿಕ್ಕೆ ಯಾರದೆಂಬುದೇ ದೊಡ್ಡ ತಲೆನೋವು. ಒಂದೇ ಜಾತಿ ಕೂತ ಕೊಂಬೆಯ ಕೆಳಗೆ ಬೆಳಕು ಹರಿಯುವ ಮುಂಚೆ ಪ್ಲಾಸ್ಟಿಕ್ ಹಾಸಿ, ಬಿದ್ದ ಕೂಡಲೇ ಎತ್ತಿಕೊಂಡೆ. ಉಪ್ಪು ಇನ್ನು ಕರಗದು ಎನ್ನುವವರೆಗೆ ಬೆರೆಸಿದ ನೀರಿನಲ್ಲಿ ಅದನ್ನು ಕಲಸಿ, ಸೋಸಿ, ಕೊಳವೆಯ ಬಾಯಿಗೆ ಕವರ್‌ಸ್ಲಿಪ್ (ಸೂಕ್ಷ್ಮದರ್ಶಕಕ್ಕೆ ಬಳಸುವ ತೆಳು ಗಾಜು) ಇಟ್ಟು ಕಾದರೆ ಮೊಟ್ಟೆಗಳು ತೇಲಿ ಬಂದು ಅಂಟುತ್ತವೆ.

ನಿಜವಾಗಿ ಗೂಡಿನ ನೆರೆಹೊರೆಯಲ್ಲಿ ಓಡಾಡುವುದು ಉಣ್ಣೆ. ಆರ್ಗಾಸ್ ಕುಲದ ಮೆದು ಉಣ್ಣೆ ಹಗಲೆಲ್ಲ ತೊಗಟೆಯ ಸಂದಿಯಲ್ಲಿ ಅಡಗಿ, ರಾತ್ರಿ ಬಂದು ಗಂಟೆಯೊಳಗೆ ರಕ್ತ ಕುಡಿದು ಮತ್ತೆ ಸಂದಿ ಸೇರುತ್ತದೆ. ಅದಕ್ಕೆ ಜಾತಿಭೇದ ಕಡಿಮೆ. ಹಕ್ಕಿಯನ್ನಷ್ಟೇ ಹುಡುಕಿದರೆ ಬಲಿತ ಉಣ್ಣೆ ಸಿಗುವುದು ಅಪರೂಪ; ಮರಿ ಉಣ್ಣೆ ಮಾತ್ರ ಕೆಲವು ದಿನ ರೆಕ್ಕೆಯಡಿ ಕಚ್ಚಿಕೊಂಡಿರುತ್ತದೆ. ಕತ್ತಲಾದ ಮೇಲೆ ಕೆಂಪು ಟಾರ್ಚ್, ಚಿಮುಟ, 70% ಆಲ್ಕೋಹಾಲ್ ಸೀಸೆ ಹಿಡಿದು ಬುಡದ ತೊಗಟೆ ನೋಡುತ್ತೇನೆ. ಹಕ್ಕಿಗಳು ಹೋದ ಮೇಲೆ ಉದುರಿದ ಗೂಡಿನ ಕಡ್ಡಿಗಳನ್ನು ಜಾಲರಿ ಹಾಕಿದ ಲಾಳಿಕೆಯಲ್ಲಿಟ್ಟು ಮೇಲೆ ಬಲ್ಬ್ ಉರಿಸಿದರೆ, ನುಸಿಗಳು ಶಾಖಕ್ಕೆ ಹೆದರಿ ಕೆಳಗಿನ ಸೀಸೆಗೆ ಬೀಳುತ್ತವೆ. ಉಣ್ಣೆಗೆ ಈ ಉಪಾಯ ಸಾಲದು, ಕಡ್ಡಿಗಳನ್ನು ಬಿಳಿ ತಟ್ಟೆಯ ಮೇಲೆ ಕೊಡವಲೇಬೇಕು.

ರಕ್ತ ಕುಡಿದ ಉಣ್ಣೆಯ ಹೊಟ್ಟೆಯಲ್ಲಿರುವುದು ಹೆಜ್ಜಾರ್ಲೆಯದೋ ಕೊಕ್ಕರೆಯದೋ ಎಂದು ಕಣ್ಣಿಗೆ ತಿಳಿಯದು, ಡಿಎನ್ಎ ಪರೀಕ್ಷೆಯೇ ಬೇಕು. ಉಣ್ಣೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಜೂನ್ ಹೊತ್ತಿಗೆ ಹಕ್ಕಿಗಳು ಖಾಲಿಯಾದಾಗ ಮರದಡಿ ಉಳಿಯುವುದು ಊರ ಕೋಳಿಗಳು. ಅದಕ್ಕೇ ಮಳೆಗಾಲದಲ್ಲಿ ನಾನು ಮೊದಲು ನೋಡುವುದು ಮರದ ಪಕ್ಕದ ಕೋಳಿಗೂಡಿನ ಬಿರುಕುಗಳನ್ನು.