ಎರಿ ಹೊಲಕ್ಕೆ ಸೆಣಬು, ಮಸಾರಿಗೆ ತಿಪ್ಪೆ ಗೊಬ್ಬರ: ನನ್ನ ಅನುಭವ

ಮೊಬೈಲಿನಲ್ಲಿ ಹೊರದೇಶದ ರೈತರ ವಿಡಿಯೋ ನೋಡಿದವರು ಆಗಾಗ ಕೇಳುತ್ತಾರೆ, ಮಣ್ಣಿಗೆ ಸಾರಜನಕ ಸೇರಿಸುವ ಮೇವಿನ ಗಿಡ ಕ್ಲೋವರ್ ಅನ್ನು ನಾವೂ ಹೊಲಕ್ಕೆ ಹಾಕಬಹುದಾ ಅಂತ. ನೀರಿದ್ದರೆ ಹಾಕಬಹುದು. ಆದರೆ ಅದು ತಂಪು ಸೀಮೆಯ ಬೆಳೆ. ಇಂಗ್ಲೆಂಡಿನ ನಾರ್ಫೋಕ್ ಕಡೆ 18ನೇ ಶತಮಾನದಲ್ಲೇ ಗೋಧಿ, ಟರ್ನಿಪ್, ಬಾರ್ಲಿ, ಕ್ಲೋವರ್ ಅಂತ ನಾಲ್ಕು ವರ್ಷದ ಸರದಿ ಮಾಡಿಕೊಂಡಿದ್ದರು. ಕ್ಲೋವರ್ ಇದ್ದ ವರ್ಷ ದನ, ಕುರಿ ಅದನ್ನೇ ಮೇಯ್ದು ಅಲ್ಲೇ ಗೊಬ್ಬರ ಹಾಕುತ್ತಿದ್ದವು, ಆಮೇಲೆ ಅದನ್ನು ಉತ್ತು ಗೋಧಿ ಬಿತ್ತುತ್ತಿದ್ದರು. ನಮ್ಮ ದೇಶದಲ್ಲೂ ಪಂಜಾಬ್, ಹರಿಯಾಣ ಕಡೆ ಬರ್ಸೀಮ್ ಬೆಳೀತಾರಲ್ಲ, ಅದೂ ಕ್ಲೋವರ್ ಜಾತಿಯದೇ. ಅಕ್ಟೋಬರಿನಲ್ಲಿ ಬಿತ್ತಿ ಚಳಿಗಾಲ ಪೂರ್ತಿ ಮೇಲಿಂದ ಮೇಲೆ ನೀರು ಹಾಯಿಸಿದರೆ ಕೊಯ್ದಷ್ಟೂ ಚಿಗುರುತ್ತದೆ.

ಆ ನೀರೇ ನಮ್ಮಲ್ಲಿ ಇಲ್ಲ. ನನ್ನದು ಗದಗ ಜಿಲ್ಲೆ, ಮುಂಡರಗಿ ತಾಲೂಕು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಅದೂ ಬಂದರೆ. ಹೊಲದಲ್ಲಿ ಒಂದಿಷ್ಟು ಎರಿ, ಅಂದರೆ ಕಪ್ಪು ಮಣ್ಣು, ಕಪ್ಪತಗುಡ್ಡದ ಕಡೆಗೆ ಏರಿದ ಹಾಗೆ ಒಂದಿಷ್ಟು ಮಸಾರಿ, ಅಂದರೆ ಕೆಂಪು ಮಣ್ಣು. ಬೋರ್ ಇದೆ ಅಂತ ಹೇಳಿಕೊಳ್ಳಬೇಕು ಅಷ್ಟೇ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಕ್ಲೋವರ್ ಬೇರಿನ ಗಂಟಿನಲ್ಲಿ ಕೂತು ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಬೇರೆ ಜಾತಿಯದು, ಅದು ನಮ್ಮ ಮಣ್ಣಿನಲ್ಲಿ ತಾನಾಗಿ ಸಿಗುವುದು ಕಷ್ಟ. ಬೀಜಕ್ಕೆ ಲೇಪಿಸಿಯೇ ಬಿತ್ತಬೇಕು. ಅದೇ ಸೆಣಬು (ಗೋಣಿಚೀಲದ ಸೆಣಬಲ್ಲ, ಬೆಳೆಸಿ ಹಸಿರಿದ್ದಾಗಲೇ ಮಣ್ಣಿಗೆ ಸೇರಿಸುವ ಗೊಬ್ಬರದ ಗಿಡ), ಹೆಸರು, ಅಲಸಂದಿ, ತೊಗರಿ, ಶೇಂಗಾ ಇವಕ್ಕೆಲ್ಲ ಹೆಚ್ಚುಕಡಿಮೆ ಒಂದೇ ಬಳಗದ ಬ್ಯಾಕ್ಟೀರಿಯಾ ಸಾಕು. ತಲೆತಲಾಂತರದಿಂದ ಹೆಸರು, ಶೇಂಗಾ ಬೆಳೆದ ಹೊಲದಲ್ಲಿ ಅದು ಮೊದಲೇ ಮನೆ ಮಾಡಿಕೊಂಡಿರುತ್ತದೆ. ಹಾಗಾಗಿ ಕ್ಲೋವರ್ ಮಾಡುವ ಕೆಲಸವನ್ನು ನಮ್ಮಲ್ಲಿ ಸೆಣಬು ಸುಮ್ನೆ ಬಿತ್ತಿದರೂ ಮಾಡುತ್ತದೆ.

ನಾನು ಸೆಣಬು ಹಾಕುವುದು ಎರಿ ಹೊಲಕ್ಕೆ, ಅದೂ ಹಿಂಗಾರಿನಲ್ಲಿ ಬಿಳಿಜೋಳ ಬಿತ್ತಬೇಕು ಅಂತ ಇಟ್ಟ ತುಂಡಿಗೆ ಮಾತ್ರ. ಮೇ ಕೊನೆಯ ರೋಹಿಣಿ ಮಳೆ ಚೆನ್ನಾಗಿ ಬಿದ್ದರೆ ಆಗಲೇ, ಇಲ್ಲದಿದ್ದರೆ ಜೂನಿನ ಮಿರಗದಲ್ಲಿ, ಎಕರೆಗೆ 20 ಕಿಲೋ ಬೀಜ. ತೆಳ್ಳಗೆ ಬಿತ್ತಿದರೆ ಗಿಡ ದಪ್ಪಗಾಗಿ ಕಾಂಡ ಬೇಗ ಬಲಿಯುತ್ತದೆ. ಒತ್ತಾಗಿ ಬಿತ್ತಿದರೆ ಸಣ್ಣಗೆ, ಮೆತ್ತಗೆ ಏಳುತ್ತದೆ, ಕಸಕ್ಕೂ ಜಾಗ ಬಿಡುವುದಿಲ್ಲ. ಬಿತ್ತಿದ ಮೇಲೆ ಎಡೆ ಹೊಡೆಯುವುದು, ಔಷಧ ಹೊಡೆಯುವುದು ಏನೂ ಇಲ್ಲ.

ತಿಂಗಳಾದ ಮೇಲೆ ಒಂದು ಗಿಡವನ್ನು ಕಿತ್ತು ನೋಡಿ. ಕೈಯಿಂದ ಎಳೆದರೆ ಗಂಟು ಮಣ್ಣಲ್ಲೇ ಉದುರಿ ಉಳಿಯುತ್ತವೆ, ಸಲಿಕೆ ಹಾಕಿ ಹೆಂಟೆ ಸಮೇತ ಎತ್ತಬೇಕು. ನೀರಲ್ಲಿ ಅಲುಗಾಡಿಸಿ ಮಣ್ಣು ಬಿಡಿಸಿದರೆ ತಾಯಿಬೇರಿಗೆ ಅಂಟಿಕೊಂಡ ಗಂಟು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ, ಹಸಿ ಮಾಂಸದ ಬಣ್ಣ ಇದ್ದರೆ ಅದು ಕೆಲಸ ಮಾಡುತ್ತಿದೆ. ಬೆಳ್ಳಗಿದ್ದರೆ ಇನ್ನೂ ಶುರುವಾಗಿಲ್ಲ, ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಮುಗಿದಿದೆ. ಎಷ್ಟೋ ಜನ ಗಿಡದ ಎತ್ತರ ನೋಡಿ ಖುಷಿಪಡುತ್ತಾರೆ, ನಾನು ಮಾತ್ರ ಮೊದಲು ಈ ಬಣ್ಣ ನೋಡುತ್ತೇನೆ.

ಹೂವು ಕಾಣಲು ಶುರುವಾದಾಗ, ಅಂದರೆ 45ರಿಂದ 50 ದಿನದೊಳಗೆ, ಮಣ್ಣಿಗೆ ಸೇರಿಸಿಬಿಡಬೇಕು. ಇಲ್ಲಿ ಕೈ ತಡವಾದರೆ ಸೆಣಬು ತನ್ನ ಬುದ್ಧಿ ತೋರಿಸುತ್ತದೆ. ಹಗ್ಗ ಹೊಸೆಯುವ ಗಿಡ ಅಲ್ವಾ ಅದು? ಬಲಿತ ಕಾಂಡದ ನಾರು ರೋಟವೇಟರಿನ ಶಾಫ್ಟಿಗೆ ಸುತ್ತಿಕೊಂಡು ಟ್ರ್ಯಾಕ್ಟರ್ ಡ್ರೈವರ್ ಕುಡುಗೋಲು ಹಿಡಿದು ಕೆಳಗೆ ಕೂತು ಕತ್ತರಿಸುತ್ತಾ ನಿಮ್ಮನ್ನೂ ಬಯ್ಯುತ್ತಾನೆ, ಸೆಣಬನ್ನೂ ಬಯ್ಯುತ್ತಾನೆ. ಮಣ್ಣಿಗೆ ಸೇರಿದ ಮೇಲೂ ಬಲಿತ ಕಾಂಡ ಬೇಗ ಕೊಳೆಯುವುದಿಲ್ಲ, ಕೊಳೆಯುವಾಗ ಮಣ್ಣಿನಲ್ಲಿದ್ದ ಸಾರಜನಕವನ್ನೇ ತಾನು ಹೀರಿಕೊಂಡು ಜೋಳದ ಸಸಿ ಹಳದಿಯಾಗುವಂತೆ ಮಾಡುತ್ತದೆ. ಎಳೆಯದಿದ್ದಾಗ ಸೇರಿಸಿದರೆ ಈ ತಾಪತ್ರಯ ಇಲ್ಲ.

ಮೊದಮೊದಲು ಊರಲ್ಲಿ ನಗುತ್ತಿದ್ದರು. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು, "ಏನ್ ತಮ್ಮಾ, ಎದಿಮಟ ಬೆಳದ ಪೀಕು ಹರಗಾಕತ್ತಿಯಲ್ಲ, ದನಕ್ಕರ ಹಾಕಬಾರದ?" ಅಂದರು. "ಕಾಕಾ, ದನಕ್ಕ ಜ್ವಾಳದ ಕಣಕಿ ಐತ್ರಿ, ಹೊಲಕ್ಕ ಏನೈತಿ ಹೇಳ್ರಿ" ಅಂದೆ. ಅವರು ಈಗಲೂ ಸೆಣಬು ಹಾಕುವುದಿಲ್ಲ, ಅವರ ಲೆಕ್ಕ ಅವರಿಗೆ.

ಆ ಲೆಕ್ಕವೂ ಸುಳ್ಳಲ್ಲ. ಚೆನ್ನಾಗಿ ಬಂದ ಸೆಣಬು ಎಕರೆಗೆ 6 ಟನ್ ಹಸಿ ಸೊಪ್ಪು ಕೊಟ್ಟಿತು ಅಂದುಕೊಳ್ಳಿ. ಹಸಿ ತೂಕದಲ್ಲಿ ಸಾರಜನಕ ಶೇಕಡಾ 0.4ರ ಆಸುಪಾಸು. ಅಂದರೆ 24 ಕಿಲೋ. ಯೂರಿಯಾದಲ್ಲಿ ಶೇಕಡಾ 46 ಸಾರಜನಕ, 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ ಸಿಕ್ಕಿತು. ಒಟ್ಟಿನಲ್ಲಿ ಒಂದು ಚೀಲಕ್ಕಿಂತ ಸ್ವಲ್ಪ ಜಾಸ್ತಿ. ಸಬ್ಸಿಡಿ ಯೂರಿಯಾ ಚೀಲ 300 ರೂಪಾಯಿ ಒಳಗೇ ಸಿಗುತ್ತದೆ, ಸೆಣಬಿನ ಬೀಜಕ್ಕೆ, ಟ್ರ್ಯಾಕ್ಟರಿಗೆ ಅದರ ಎಷ್ಟೋ ಪಟ್ಟು ಖರ್ಚು. ಯೂರಿಯಾ ಉಳಿಸೋಣ ಅಂತ ಸೆಣಬು ಹಾಕುವವರು ನಷ್ಟದಲ್ಲೇ ಇರುತ್ತಾರೆ. ನಾನು ಹಾಕುವುದು ಮಣ್ಣು ಸಡಿಲಾಗಲಿ ಅಂತ. ನಮ್ಮ ಎರಿ ಮಳೆ ಬಂದರೆ ಅಂಟು, ಬಿಸಿಲು ಬಿದ್ದರೆ ಕಲ್ಲು. ಮಣ್ಣು ಪರೀಕ್ಷೆ ಕಾರ್ಡಿನಲ್ಲಿ ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ಬರೆದಿರುತ್ತಾರೆ, ಈ ಸೀಮೆಯ ಬಹಳಷ್ಟು ಕಾರ್ಡು ಹಾಗೇ ಇರುತ್ತವೆ. ಸೊಪ್ಪು ಸೇರಿದ ತುಂಡಿನಲ್ಲಿ ಕುಂಟಿ (ಮೇಲ್ಮಣ್ಣು ಸಡಿಲಿಸುವ ಅಲಗಿನ ಸಲಕರಣೆ) ಹೊಡೆದಾಗ ಎದ್ದ ಹೆಂಟೆ ಮುಷ್ಟಿಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಸೇರದ ತುಂಡಿನದು ಆಗುವುದಿಲ್ಲ. ಹಿಂಗಾರಿ ಜೋಳ ನಿಲ್ಲುವುದು ಮಣ್ಣು ಹಿಡಿದಿಟ್ಟ ಹಸಿಯ ಮೇಲೇ, ಆಮೇಲೆ ಮಳೆ ಬರುತ್ತದೆ ಅನ್ನುವ ಭರವಸೆ ಯಾರಿಗೂ ಇಲ್ಲ.

ಆದರೆ ಆ ಹಸಿಯನ್ನೇ ಸೆಣಬು ಕುಡಿಯುತ್ತದೆ ಅನ್ನುವುದನ್ನು ಮರೆಯಬಾರದು. ಒಣಬೇಸಾಯದವರಿಗೆ ಇದೇ ದೊಡ್ಡ ಪ್ರಶ್ನೆ, ಬೀಜ, ಡೀಸೆಲ್ ಎಲ್ಲ ಆಮೇಲೆ. ಜುಲೈ ಕೊನೆ ಅಥವಾ ಆಗಸ್ಟ್ ಮೊದಲಿನ ಆಶ್ಲೇಷ ಮಳೆಯ ಹೊತ್ತಿಗೆ ಸೇರಿಸಿದರೆ ಅಲ್ಲಿಂದ ಜೋಳದ ಬಿತ್ತಿಗೆವರೆಗೆ ಒಂದು ತಿಂಗಳ ಮೇಲೆ ಸಮಯ ಸಿಗುತ್ತದೆ. ನಮ್ಮ ಕಡೆ ದೊಡ್ಡ ಮಳೆ ಬೀಳುವುದು ಹುಬ್ಬಿ, ಉತ್ತರಿಯಲ್ಲೇ, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ. ಸೆಣಬು ಕುಡಿದದ್ದನ್ನು ಅವು ತುಂಬಿಕೊಡುತ್ತವೆ, ಸೊಪ್ಪು ಕೊಳೆಯುವುದಕ್ಕೂ ಆ ತೇವ ಬೇಕು. ಆಗಸ್ಟ್ ಕೊನೆಗೆ ಸೇರಿಸಿದರೆ ಸೊಪ್ಪೂ ಕೊಳೆತಿರುವುದಿಲ್ಲ, ಕೆಳಗೆ ಹಸಿಯೂ ಇರುವುದಿಲ್ಲ. ಮಿರಗ, ಅದರ ಮುಂದಿನ ಆರಿದ್ರ ಮಳೆ ಎರಡೂ ಕೈಕೊಟ್ಟ ವರ್ಷ ನಾನು ಸೆಣಬಿನ ಚೀಲ ಬಿಚ್ಚುವುದೇ ಇಲ್ಲ, ಹೊಲ ಹರಗಿ ಹಿಂಗಾರಿಗೆ ಖಾಲಿ ಇಡುತ್ತೇನೆ. ಕಡಲೆ ಬಿತ್ತುವ ತುಂಡಿಗೂ ಹಾಕುವುದಿಲ್ಲ. ಕಡಲೆ ತನ್ನ ಸಾರಜನಕ ತಾನೇ ಮಾಡಿಕೊಳ್ಳುತ್ತದೆ, ಅದಕ್ಕೆ ಇನ್ನೊಂದು ದ್ವಿದಳದ ಊಟ ಬಡಿಸುವುದು ದಂಡ.

ಮುಂಗಾರಿನಲ್ಲಿ ಹೊಲ ಖಾಲಿ ಬಿಡಲು ಆಗುವುದಿಲ್ಲ, ಕೈಗೆ ದುಡ್ಡು ಬರಬೇಕು ಅನ್ನುವವರಿಗೆ ಹೆಸರು ಇದ್ದೇ ಇದೆ. ಗದಗ, ರೋಣ, ನವಲಗುಂದದ ಎರಿಯಲ್ಲಿ ಹೆಸರು ತೆಗೆದು ಹಿಂಗಾರಿ ಬಿತ್ತುವುದು ಹಳೆಯ ಪದ್ಧತಿ. ಆದರೆ ಹೆಸರು ಹಾಕಿದ್ದೇವೆ, ಭೂಮಿ ಸುಧಾರಿಸಿತು ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗಂಟು ಹಿಡಿದ ಸಾರಜನಕದಲ್ಲಿ ಹೆಚ್ಚಿನ ಪಾಲು ಕಾಳಿನಲ್ಲಿ ಕೂತು ಮಾರುಕಟ್ಟೆಗೆ ಹೋಗುತ್ತದೆ. ಗಿಡವನ್ನು ಬೇರು ಸಮೇತ ಕಿತ್ತು ಕಣಕ್ಕೆ ಸಾಗಿಸಿ, ಹೊಟ್ಟನ್ನೂ ದನಕ್ಕೆ ಹಾಕಿದರೆ ಹೊಲದಲ್ಲಿ ಉಳಿಯುವುದು ಉದುರಿದ ಎಲೆ ಮಾತ್ರ. ಆಳು ಸಿಕ್ಕರೆ ಕಾಯಿ ಬಿಡಿಸಿಕೊಂಡು ಹಸಿರು ಬಳ್ಳಿಯನ್ನು ಅಲ್ಲೇ ಹರಗಬೇಕು. ಆಳು ಸಿಗುವುದೇ ಕಷ್ಟ ಅನ್ನುವುದು ನನಗೂ ಗೊತ್ತು. ಮಷಿನ್ನಿನಲ್ಲಿ ಕಟಾವು ಮಾಡಿಸಿದರೆ ಹಿಂದೆ ಬಿದ್ದ ಹೊಟ್ಟನ್ನಾದರೂ ಹೊಲದಲ್ಲೇ ಬಿಡಿ.

ಮಸಾರಿಗೆ ನಾನು ಸೆಣಬು ನೆಚ್ಚಿಕೊಳ್ಳುವುದಿಲ್ಲ. ಅಲ್ಲಿ ಹಸಿ ನಿಲ್ಲುವುದಿಲ್ಲ, ಮುಂಗಾರಿನಲ್ಲೇ ಉಳ್ಳಾಗಡ್ಡಿ, ಶೇಂಗಾ ಬಿತ್ತಬೇಕು, ನಡುವೆ ಬಿಡುವಿಲ್ಲ. ಅದಕ್ಕೆ ತಿಪ್ಪೆ ಗೊಬ್ಬರವೇ ಗತಿ. ತಿಪ್ಪೆ ವಿಷಯದಲ್ಲಿ ನಮ್ಮ ಊರುಗಳಲ್ಲಿ ಆಗುವ ಪೋಲು ನೋಡಿದರೆ ಸಿಟ್ಟು ಬರುತ್ತದೆ. ದನ ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಉಚ್ಚೆಯಲ್ಲಿ ಹೋಗುತ್ತದೆ, ಪೊಟ್ಯಾಶ್ ಅದಕ್ಕಿಂತ ಜಾಸ್ತಿ. ನಾವು ಸೆಗಣಿಯನ್ನು ಬುಟ್ಟಿ ತುಂಬಿ ತಿಪ್ಪೆಗೆ ಹಾಕುತ್ತೇವೆ, ಉಚ್ಚೆ ಗಟಾರಕ್ಕೆ. ನಾನು ಮಾಡುವುದು ಇಷ್ಟೇ: ದನ ತಿಂದು ಬಿಟ್ಟ ಕಣಕಿಯ ತುಂಡು, ಹೊಟ್ಟು, ಒಣ ಎಲೆ ಎಲ್ಲ ರಾತ್ರಿ ದನದ ಹಿಂಗಾಲಿನ ಕಡೆ ಹಾಸುವುದು. ಬೆಳಗ್ಗೆ ಅದು ನೆನೆದು ಭಾರವಾಗಿರುತ್ತದೆ, ಸೆಗಣಿ ಜೊತೆ ಅದೂ ಗುಂಡಿಗೆ. ಗುಂಡಿ ಬದಿಗೆ ಒಂದು ಒಡ್ಡು ಹಾಕಿದ್ದೇನೆ, ಮಳೆ ನೀರು ಒಳಗೆ ನುಗ್ಗಬಾರದು ಅಂತ. ತುಂಬಿದ ಮೇಲೆ ಮೇಲಿಂದ ಮಣ್ಣು ಬಡಿದು ಮುಚ್ಚುತ್ತೇನೆ.

ಚೆನ್ನಾಗಿ ಕೊಳೆತ ಗೊಬ್ಬರ ಅಂದರೆ ಕೈಗೆತ್ತಿಕೊಂಡರೆ ಸೆಗಣಿ ವಾಸನೆ ಬರಬಾರದು, ಕಣಕಿಯ ತುಂಡು ಗುರುತು ಸಿಗಬಾರದು. ಅರೆಬರೆ ಕೊಳೆತದ್ದನ್ನು ಮಸಾರಿಗೆ ಹಾಕಿದರೆ ಗೆದ್ದಲು, ಗೊಣ್ಣೆ ಹುಳು ಬರುತ್ತವೆ, ಕಸದ ಬೀಜವನ್ನೂ ನಾವೇ ಬಿತ್ತಿದಂತೆ. ಇನ್ನು ಏಪ್ರಿಲ್ ತಿಂಗಳಲ್ಲಿ ರಸ್ತೆ ಬದಿಯ ಹೊಲಗಳನ್ನು ನೋಡಿ, ಟ್ರ್ಯಾಕ್ಟರಿನಿಂದ ಇಳಿಸಿದ ಗೊಬ್ಬರ ಸಣ್ಣ ಸಣ್ಣ ಗುಂಪಿಯಾಗಿ ವಾರಗಟ್ಟಲೆ ಬಿಸಿಲು ಕಾಯುತ್ತಾ ಕೂತಿರುತ್ತದೆ. ಸಾರಜನಕ ಅಷ್ಟರಲ್ಲಿ ಗಾಳಿಗೆ ಹಾರಿರುತ್ತದೆ. ತಂದ ದಿನವೇ ಚೆಲ್ಲಿ ಅವತ್ತೇ ಕುಂಟಿ ಹೊಡೆಯಲು ಆಗುವಂತಿದ್ದರೆ ಮಾತ್ರ ನಾನು ಟ್ರ್ಯಾಕ್ಟರ್ ಕರೆಯುತ್ತೇನೆ, ಇಲ್ಲದಿದ್ದರೆ ಗೊಬ್ಬರ ಗುಂಡಿಯಲ್ಲೇ ಇರಲಿ.

ನಮ್ಮ ನಾಲ್ಕು ದನದ ಗೊಬ್ಬರ ಇಡೀ ಮಸಾರಿಗೆ ಸಾಲುವುದಿಲ್ಲ, ಸರದಿ ಮೇಲೆ ಒಂದೊಂದು ವರ್ಷ ಒಂದೊಂದು ತುಂಡು. ಉಳಿದದ್ದಕ್ಕೆ ಕುರಿ. ಸುಗ್ಗಿ ಮುಗಿದ ಮೇಲೆ ದಖ್ಖನಿ ಕುರಿ ಹಿಂಡು ಹೊಡೆದುಕೊಂಡು ಕುರಿಗಾರರು ಬರುತ್ತಾರೆ. ರಾತ್ರಿಗೆ ಇಷ್ಟು ಅಂತ ಮಾತಾಡಿ, ಮೇಲೆ ಜೋಳ ಕೊಟ್ಟು ಹೊಲದಲ್ಲಿ ಕುರಿ ತರುಬಿಸುವುದು, ಅಂದರೆ ಬಲೆಯೊಳಗೆ ಕೂಡಿಹಾಕುವುದು. ಹಿಕ್ಕೆ, ಉಚ್ಚೆ ಎರಡೂ ನೇರ ಮಣ್ಣಿಗೆ, ಹೊರುವ ಖರ್ಚಿಲ್ಲ. ದಿನಾ ಬೆಳಗ್ಗೆ ಬಲೆ ಕಿತ್ತು ಪಕ್ಕಕ್ಕೆ ಸರಿಸಿ ಅಂತ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಒಂದೇ ಕಡೆ ಗೊಬ್ಬರ ಬಿದ್ದು ಅಲ್ಲಿ ಬೆಳೆ ಸೊಕ್ಕಿ ಮಲಗುತ್ತದೆ, ಉಳಿದ ಕಡೆ ಹಾಗೇ. ಹಿಂಡು ಎದ್ದುಹೋದ ಮೇಲೆ ಕುಂಟಿ ಹೊಡೆಯುವುದನ್ನು ಮುಂದೂಡಬಾರದು, ಇಲ್ಲೂ ಸಾರಜನಕ ಗಾಳಿಗೆ ಹಾರುತ್ತದೆ.

ಮಸಾರಿಯ ಬದುವಿನಲ್ಲಿ ಗ್ಲಿರಿಸಿಡಿಯಾ ಇದೆ, ನಮ್ಮಲ್ಲಿ ಗೊಬ್ಬರದ ಗಿಡ ಅಂತಲೇ ಕರೆಯುತ್ತಾರೆ. ಎದೆಯೆತ್ತರಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ. ಆ ಸೊಪ್ಪು ಬದುವಿನ ಪಕ್ಕದ ಸಾಲುಗಳಿಗೆ ಸಾಕಾಗುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಒಂದು ಮಾತು ರಂಜಕದ ಬಗ್ಗೆ. ಸೆಣಬು ಗಾಳಿಯಿಂದ ಸಾರಜನಕ ತರುತ್ತದೆ, ರಂಜಕ ತರುವುದಿಲ್ಲ. ಮಣ್ಣಿನಲ್ಲಿದ್ದದ್ದನ್ನೇ ಎತ್ತಿ ಮತ್ತೆ ಮಣ್ಣಿಗೆ ಕೊಡುತ್ತದೆ. ವರ್ಷವರ್ಷ ಕಾಳು ಮಾರುತ್ತಿದ್ದರೆ ಹೋದದ್ದು ಹೊರಗಿಂದಲೇ ಬರಬೇಕು, ಗೊಬ್ಬರದಲ್ಲೋ ಚೀಲದಲ್ಲೋ. ಹಾಗಾಗಿ ಸೆಣಬು ಸೇರಿಸಿದ ಎರಿಗೂ ಜೋಳ ಬಿತ್ತುವಾಗ ಕಾರ್ಡಿನಲ್ಲಿ ಹೇಳಿದಷ್ಟು ರಂಜಕ ಕೊಡುತ್ತೇನೆ, ಯೂರಿಯಾ ಮಾತ್ರ ಬಿಟ್ಟಿದ್ದೇನೆ. ಪೂರ್ತಿ ಸಾವಯವ ಅಂತ ಬೋರ್ಡು ಹಾಕಿಕೊಳ್ಳುವ ಆಸೆ ನನಗಿಲ್ಲ.

ನವಲಗುಂದ, ನರಗುಂದದ ಕಾಲುವೆ ಕಡೆಯವರಿಗೆ, ಹೊಲ ಸವಳು (ಉಪ್ಪು) ಹಿಡಿದಿದ್ದರೆ ಸೆಣಬು ಬೇಡ, ಡಯಾಂಚ ಅನ್ನುವ ಇನ್ನೊಂದು ಹಸಿರು ಗೊಬ್ಬರದ ಗಿಡ ಹಾಕಿ. ಅದು ನೀರು ನಿಂತರೂ, ಉಪ್ಪಿದ್ದರೂ ತಡೆಯುತ್ತದೆ. ಸೆಣಬು ಎರಡು ದಿನ ನೀರು ನಿಂತರೆ ಬಾಡಿ ನಿಲ್ಲುತ್ತದೆ.

ಬೀಜಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಮೇ ತಿಂಗಳಲ್ಲೇ ವಿಚಾರಿಸಿ, ಮಳೆ ಬಿದ್ದ ಮೇಲೆ ಹೋದರೆ ಖಾಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೇಳ ಸೆಪ್ಟೆಂಬರ್ ಹೊತ್ತಿಗೆ ಇರುತ್ತದೆ, ಅಲ್ಲಿ ಸಿಕ್ಕ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡಬಹುದು. ನಾನು ಹೊಲದ ಒಂದು ಅಂಚಿನಲ್ಲಿ ನಾಲ್ಕು ಸಾಲು ಹರಗದೆ ಬಿಡುತ್ತೇನೆ. ಹಳದಿ ಹೂವಿಗೆ ದೊಡ್ಡ ಕಪ್ಪು ದುಂಬಿಗಳು ಬರುತ್ತವೆ, ಅವು ಬಂದರೇನೇ ಕಾಯಿ ಕಟ್ಟುವುದು, ಅದಕ್ಕೆ ಆ ಸಾಲಿನ ಹತ್ತಿರ ಔಷಧ ಹೊಡೆಯುವುದಿಲ್ಲ. ಕಾಯಿ ಒಣಗಿ ಅಲ್ಲಾಡಿಸಿದರೆ ಗಿಲಕಿ ಹಾಗೆ ಸದ್ದು ಬಂದಾಗ ಕೊಯ್ದು ಬಡಿದರೆ ಬೀಜ. ಬಡಿದ ಹೊಟ್ಟನ್ನು, ಉದುರಿದ ಬೀಜವನ್ನು ದನಕ್ಕೆ ಹಾಕಬೇಡಿ, ಸೆಣಬಿನ ಬೀಜ ದನಕ್ಕೆ ವಿಷ.