ಇಟಾಲಿಯನ್ ಹುದ್ದೆಗಳನ್ನು ಇಂಗ್ಲಿಷಿಗೆ ತರುವುದು ಹೇಗೆ?

ವಾಲ್ವ್ ತಯಾರಿಸುವ ಇಟಲಿಯ ಕಾರ್ಖಾನೆಯೊಂದರ ಆಡಳಿತ ಮಂಡಳಿ ಸಭೆಗೆ ಮೂವರು ‘ಎಫೆಕ್ಟಿವ್ ಮೇಯರ್’ಗಳು ಹಾಜರಿದ್ದರು ಎಂದು ಹೇಳುವ ಇಂಗ್ಲಿಷ್ ನಡಾವಳಿಯನ್ನು ನಾನು ತಿದ್ದಿದ್ದೇನೆ. ಮೂಲದಲ್ಲಿದ್ದದ್ದು ‘ಸಿಂದಕೊ ಎಫೆತ್ತೀವೊ’. ಸಿಂದಕೊ ಎಂದರೆ ಊರಿನ ಮೇಯರ್ ಹೌದು. ಆದರೆ ವಾಲ್ವ್ ಕಾರ್ಖಾನೆಯಲ್ಲಿ ಮೇಯರ್‌ಗೆ, ಅದೂ ಮೂರು ಜನಕ್ಕೆ, ಏನು ಕೆಲಸ? ಭಾಷೆ ಚೆನ್ನಾಗಿ ಬಲ್ಲವರೂ ಹುದ್ದೆಗಳ ಹತ್ತಿರ ಬಂದರೆ ಹೀಗೆ ಎಡವುತ್ತಾರೆ. ಹಾಗಾಗಿ ಈ ಕ್ರಮ.

1. ಮೊದಲು ಬಗೆ ಗುರುತಿಸಿ

ಎದುರಿಗಿರುವ ಪದ ಕಾನೂನು ಕೊಟ್ಟ ಸ್ಥಾನವೋ, ನೌಕರಿಯ ದರ್ಜೆಯೋ, ಬರೀ ಮಾಡುವ ಕೆಲಸದ ಹೆಸರೋ? ಇದು ಗೊತ್ತಾಗದೆ ಮುಂದೆ ಹೋಗಬೇಡಿ. ಇಟಲಿಯ ಸಿವಿಲ್ ಕೋಡ್‌ನ 2095ನೇ ವಿಧಿಯಲ್ಲಿ ನೌಕರರಿಗೆ ನಾಲ್ಕು ದರ್ಜೆಗಳಿವೆ: ದಿರಿಜೆಂತೆ, ಕ್ವಾದ್ರೊ, ಇಂಪಿಯೆಗಾತೊ, ಒಪೆರಾಯೊ. ಕೊನೆಯ ಎರಡು ಸುಲಭ. ಕಚೇರಿ ಸಿಬ್ಬಂದಿ ಮತ್ತು ಕಾರ್ಮಿಕರು. ಕ್ವಾದ್ರೊ 1985ರ ಕಾಯ್ದೆಯಿಂದ ಸೇರಿದ ದರ್ಜೆ, ಅದಕ್ಕೆ ‘ಮಿಡ್ಲ್ ಮ್ಯಾನೇಜರ್’ ಎನ್ನಿ. ಪದಕ್ಕೆ ಪದ ಹೊಂದಿಸುವ ಉಚಿತ ಆ್ಯಪ್ ಇದನ್ನು ‘ಪೇಂಟಿಂಗ್’ ಮಾಡಿಬಿಡಬಹುದು, ಏಕೆಂದರೆ ಗೋಡೆಯ ಚಿತ್ರಕ್ಕೂ ಅದೇ ಹೆಸರು. ದಿರಿಜೆಂತೆಗೆ ಹಲವರು ‘ಎಕ್ಸಿಕ್ಯುಟಿವ್’ ಬಳಸುತ್ತಾರೆ. ಲಂಡನ್ನಿನ ಓದುಗನಿಗೆ ಅದು ಸರಿ. ನಮ್ಮಲ್ಲಿ ಸೇಲ್ಸ್ ಎಕ್ಸಿಕ್ಯುಟಿವ್ ಎಂದರೆ ಬೈಕಿನಲ್ಲಿ ಅಂಗಡಿ ಅಂಗಡಿ ತಿರುಗುವ ಹುಡುಗ. ಭಾರತೀಯ ಓದುಗರಿಗಾದರೆ ‘ಸೀನಿಯರ್ ಮ್ಯಾನೇಜರ್’ ಎಂದೇ ಬರೆಯಿರಿ.

2. ವಿಝೂರಾ ಕೇಳಿ ಪಡೆಯಿರಿ

‘ವಿಝೂರಾ ಕಮೆರಾಲೆ’ ಎಂದರೆ ಅಲ್ಲಿನ ವಾಣಿಜ್ಯ ಮಂಡಳಿಗಳು ಇಟ್ಟುಕೊಂಡಿರುವ ಕಂಪನಿ ನೋಂದಣಿಯ ಪ್ರತಿ. ಯಾರು ಯಾವ ಸ್ಥಾನದಲ್ಲಿದ್ದಾರೆ, ಯಾರಿಗೆ ಯಾವ ಅಧಿಕಾರವಿದೆ ಎಂಬುದು ಅದರಲ್ಲಿರುತ್ತದೆ. ವಿಸಿಟಿಂಗ್ ಕಾರ್ಡ್ ನಂಬಬೇಡಿ.

3. ಮಂಡಳಿಯವರು

ಇಲ್ಲಿ ಎರಡು ಪದ ಅದಲುಬದಲಾಗುತ್ತವೆ. ‘ಅಮ್ಮಿನಿಸ್ತ್ರತೋರೆ’ ಅಡ್ಮಿನಿಸ್ಟ್ರೇಟರ್ ಅಲ್ಲ, ಕಂಪನಿಯ ಡೈರೆಕ್ಟರ್. ‘ದಿರೆತ್ತೋರೆ’ ಸಾಮಾನ್ಯವಾಗಿ ಆ ಅರ್ಥದ ಡೈರೆಕ್ಟರ್ ಅಲ್ಲ, ಮ್ಯಾನೇಜರ್, ಪತ್ರಿಕೆಯಲ್ಲಾದರೆ ಸಂಪಾದಕ. ಮಂಡಳಿ ತನ್ನ ಅಧಿಕಾರವನ್ನು ತನ್ನ ಸದಸ್ಯನೊಬ್ಬನಿಗೆ ವಹಿಸಿದರೆ ಆತ ‘ಅಮ್ಮಿನಿಸ್ತ್ರತೋರೆ ದೆಲೆಗಾತೊ’. ನನ್ನ ಆಯ್ಕೆ ‘ಮ್ಯಾನೇಜಿಂಗ್ ಡೈರೆಕ್ಟರ್’, ನಮ್ಮ ಕಂಪನಿ ಕಾಯ್ದೆಯ ಎಂ.ಡಿ.ಗೆ ಅದು ತೀರಾ ಹತ್ತಿರ. ಆದರೆ ಆ ಕಂಪನಿಯೇ ತನ್ನ ಇಂಗ್ಲಿಷ್ ಜಾಲತಾಣದಲ್ಲಿ ಸಿಇಒ ಎಂದು ಹಾಕಿಕೊಂಡಿದ್ದರೆ ಜಗಳಕ್ಕೆ ಹೋಗಬೇಡಿ. ಮಂಡಳಿಯೇ ಇಲ್ಲದೆ ಒಬ್ಬನೇ ನಡೆಸುತ್ತಿದ್ದರೆ ‘ಸೋಲ್ ಡೈರೆಕ್ಟರ್’. ಮಂಡಳಿಯ ‘ಪ್ರೆಸಿದೆಂತೆ’ಗೆ ಪ್ರೆಸಿಡೆಂಟ್ ಬೇಡ, ಅಮೆರಿಕದವರು ಅವರನ್ನೇ ದಿನನಿತ್ಯ ಕಂಪನಿ ನಡೆಸುವವರು ಎಂದುಕೊಳ್ಳುತ್ತಾರೆ. ‘ಚೇರ್’ ಸಾಕು.

4. ಸಿಂದಕೊ: ಇಲ್ಲಿ ನಿಧಾನ

ಇಟಲಿಯ ದೊಡ್ಡ ಕಂಪನಿಗಳಲ್ಲಿ ಆಡಳಿತ ಮಂಡಳಿಯ ಪಕ್ಕದಲ್ಲಿ ಇನ್ನೊಂದು ಮಂಡಳಿ ಇರುತ್ತದೆ, ‘ಕೊಲ್ಲೇಜೊ ಸಿಂದಕಾಲೆ’. ಸಾಮಾನ್ಯವಾಗಿ 3 ಅಥವಾ 5 ಖಾಯಂ ಸದಸ್ಯರು, ಜೊತೆಗೆ 2 ಬದಲಿ ಸದಸ್ಯರು. ಆ ‘ಎಫೆತ್ತೀವೊ’ ಎಂದರೆ ಖಾಯಂ ಎಂದಷ್ಟೇ ಅರ್ಥ, ದಕ್ಷ ಎಂದಲ್ಲ. ಷೇರುದಾರರು ಇವರನ್ನು ಮೂರು ವರ್ಷಕ್ಕೆ ನೇಮಿಸುತ್ತಾರೆ. ಕಾನೂನು ಮತ್ತು ಕಂಪನಿಯ ನಿಯಮಾವಳಿ ಪಾಲನೆಯಾಗುತ್ತಿದೆಯೇ, ಆಡಳಿತ ಸರಿಯಾಗಿ ನಡೆಯುತ್ತಿದೆಯೇ ಎಂದು ಕಣ್ಣಿಡುವುದು ಇವರ ಕೆಲಸ. ಆಡಳಿತ ಮಂಡಳಿಯ ಸಭೆಗೆ ಇವರು ಬರುವುದು ಅದಕ್ಕೇ. ಲೆಕ್ಕ ಪರಿಶೋಧನೆ ಹೆಚ್ಚಾಗಿ ಬೇರೆಯವರ ಪಾಲು.

ಇಟಲಿಯ ಕಂಪನಿಗಳು ಇಂಗ್ಲಿಷ್ ವರದಿಗಳಲ್ಲಿ ಇದನ್ನು ‘ಬೋರ್ಡ್ ಆಫ್ ಸ್ಟ್ಯಾಚುಟರಿ ಆಡಿಟರ್ಸ್’ ಎನ್ನುತ್ತವೆ. ತೊಡಕು ಇಲ್ಲೇ. ಭಾರತದಲ್ಲಿ ಸ್ಟ್ಯಾಚುಟರಿ ಆಡಿಟರ್ ಎಂದರೆ ಲೆಕ್ಕಪತ್ರ ನೋಡಿ ಸಹಿ ಹಾಕುವ ಹೊರಗಿನ ಸಿ.ಎ. ಸಂಸ್ಥೆ. ನಿಮ್ಮ ಅನುವಾದ ಓದಿದ ಪೀಣ್ಯದ ಫೈನಾನ್ಸ್ ಮ್ಯಾನೇಜರ್ “ಆಡಿಟರ್ ಬೋರ್ಡ್ ಮೀಟಿಂಗ್‌ನಲ್ಲಿ ಯಾಕೆ ಕೂತಿದ್ದಾರೆ?” ಎಂದು ಕೇಳಿದರೆ ಅವರದೇನೂ ತಪ್ಪಿಲ್ಲ. ರೂಢಿಯ ಇಂಗ್ಲಿಷನ್ನೇ ಇಡಿ, ಆದರೆ ಮೊದಲ ಸಲ ಬಂದಾಗ ಇಟಾಲಿಯನ್ ಹೆಸರನ್ನು ಓರೆ ಅಕ್ಷರದಲ್ಲಿ ಪಕ್ಕಕ್ಕೆ ಕೊಟ್ಟು, ಇದು ನಿಗಾ ಮಂಡಳಿ ಎಂದು, ಲೆಕ್ಕ ಪರಿಶೋಧಕರು ಬೇರೆಯಿದ್ದರೆ ಅದನ್ನೂ ಸೇರಿಸಿ, ಒಂದು ಸಾಲು ಟಿಪ್ಪಣಿ ಹಾಕಿ. ಟಿಪ್ಪಣಿ ಬೇಡ ಎನ್ನುವ ಏಜೆನ್ಸಿಗಳಿವೆ. ಈ ಒಂದು ಜಾಗದಲ್ಲಿ ಪಟ್ಟು ಹಿಡಿಯಿರಿ.

ಜಾಣತನಕ್ಕೆ ಹೋಗಿ ‘ಆಡಿಟ್ ಕಮಿಟಿ’ ಎಂದೂ ಮಾಡಬೇಡಿ, ಅದು ಆಡಳಿತ ಮಂಡಳಿಯದೇ ಉಪಸಮಿತಿ. ‘ಸೂಪರ್‌ವೈಸರಿ ಬೋರ್ಡ್’ ಕೂಡ ಬೇಡ. 2003ರ ಕಂಪನಿ ಕಾನೂನು ಸುಧಾರಣೆ ಎರಡು ಮಂಡಳಿಗಳ ಇನ್ನೊಂದು ಮಾದರಿಗೂ ಅವಕಾಶ ಕೊಟ್ಟಿತು. ಅದರಲ್ಲಿ ಬರುವ ‘ಕೊನ್ಸೀಲ್ಯೊ ದಿ ಸೊರ್ವೆಲ್ಯಾನ್ಸಾ’ಗೆ ಆ ಹೆಸರನ್ನು ಕಾದಿರಿಸಿ.

5. ರೆಸ್ಪೊನ್ಸಾಬಿಲೆ

ಖರೀದಿ ವಿಭಾಗದ ‘ರೆಸ್ಪೊನ್ಸಾಬಿಲೆ’ ಪರ್ಚೇಸ್ ಮ್ಯಾನೇಜರ್. ‘ಪರ್ಚೇಸ್ ರೆಸ್ಪಾನ್ಸಿಬಲ್’ ಎಂಬ ಇಂಗ್ಲಿಷ್ ಎಲ್ಲೂ ಇಲ್ಲ, ಇಟಲಿಯವರೇ ಬರೆದುಕೊಂಡಿದ್ದರೂ ತಿದ್ದಿ. ಆದರೆ ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮ, ಅಂದರೆ ಜಿಡಿಪಿಆರ್ ವಿಷಯ ಬಂದರೆ ಎಚ್ಚರ. ಅದರ ಇಟಾಲಿಯನ್ ಪಠ್ಯದಲ್ಲಿ ‘ತಿತೊಲಾರೆ’ ಎಂದರೆ ಕಂಟ್ರೋಲರ್ (ದತ್ತಾಂಶವನ್ನು ಯಾಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವವರು), ‘ರೆಸ್ಪೊನ್ಸಾಬಿಲೆ ದೆಲ್ ತ್ರತ್ತಮೆಂತೊ’ ಎಂದರೆ ಪ್ರಾಸೆಸರ್ (ಅವರ ಪರವಾಗಿ ಆ ಕೆಲಸ ಮಾಡಿಕೊಡುವವರು). ಹೊಣೆ ಹೊತ್ತವನೇ ಕಂಟ್ರೋಲರ್ ಇರಬೇಕೆಂದು ಊಹಿಸಿ ಬರೆದರೆ ಇಡೀ ಒಪ್ಪಂದ ತಲೆಕೆಳಗಾಗುತ್ತದೆ. ಇಂಥಲ್ಲಿ ನಿಘಂಟು ಮುಚ್ಚಿ, ನಿಯಮದ ಎರಡೂ ಭಾಷೆಯ ಪಠ್ಯಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ.

6. ಉಳಿದವು

‘ಅದ್ದೆತ್ತೊ’ ಪತ್ರಿಕಾ ವಿಭಾಗದಲ್ಲಿ ಆಫೀಸರ್, ಅಂಗಡಿಯಲ್ಲಿ ಅಸಿಸ್ಟೆಂಟ್. ‘ಅಸ್ಸೆಸ್ಸೋರೆ’ ತೆರಿಗೆ ಅಂದಾಜು ಮಾಡುವವನಲ್ಲ, ಮೇಯರ್ ಸಂಪುಟದ ಸದಸ್ಯ. ‘ಪ್ರೊಕುರತೋರೆ’ ಕೋರ್ಟಿನಲ್ಲಿ ಪ್ರಾಸಿಕ್ಯೂಟರ್, ಫುಟ್‌ಬಾಲ್‌ನಲ್ಲಿ ಏಜೆಂಟ್, ಕಂಪನಿಯಲ್ಲಿ ನಮ್ಮ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಹೋಲ್ಡರ್ ಇದ್ದ ಹಾಗೆ. ಬರೀ ‘ಅಟಾರ್ನಿ’ ಎಂದರೆ ವಕೀಲ ಎಂದುಕೊಳ್ಳುತ್ತಾರೆ. ಹೆಸರಿಗೆ ಮೊದಲು ಬರುವ ದೊತ್ತೋರೆ, ಇಂಜೆನ್ಯೇರೆ (ಎಂಜಿನಿಯರ್), ಜೆಓಮೆತ್ರಾ (ಸರ್ವೇಯರ್) ಮುಂತಾದವನ್ನು ಕೈಬಿಡಿ. ಅಲ್ಲಿ ಪದವಿ ಪಡೆದವರೆಲ್ಲರೂ ದೊತ್ತೋರೆ. ಇಂಗ್ಲಿಷಿನಲ್ಲಿ ‘ಡಾಕ್ಟರ್’ ಹಾಕಿದರೆ ಸ್ಟೆತೊಸ್ಕೋಪ್ ಇಲ್ಲದವರಿಗೂ ಆಸ್ಪತ್ರೆ ಕೆಲಸ ಅಂಟಿಕೊಳ್ಳುತ್ತದೆ.

ಕೊನೆಗೆ, ಕಡತದಲ್ಲಿ ಬಂದ ಹುದ್ದೆಗಳನ್ನಷ್ಟೇ ಒಂದು ಹಾಳೆಗೆ ಇಳಿಸಿ, ಸಹಿ ಹಾಕುವವರ ಹೆಸರಿಗೆ ಗುರುತು ಹಾಕಿ, ಅನುವಾದ ಶುರುಮಾಡುವ ಮೊದಲೇ ಗಿರಾಕಿಗೆ ಕಳಿಸಿ. ಒಪ್ಪಿಗೆ ಫೋನಿನಲ್ಲಿ ಬೇಡ, ಮೇಲ್‌ನಲ್ಲೇ ಬರಲಿ.