ಹನ್ನೆರಡು ದಿನದ ಪ್ರವಾಸ: ಯಾವ ಊರು ಹಿಡಿಯಬೇಕು, ಯಾವುದನ್ನು ಬಿಡಬೇಕು

ದಸರಾ ರಜೆ ಹತ್ತಿರ ಬರುತ್ತಿದ್ದಂತೆ ಪರಿಚಯದವರು ತಮ್ಮ ಪ್ರವಾಸದ ಪಟ್ಟಿ ತಂದು ತೋರಿಸುತ್ತಾರೆ. ಹಂಪಿ, ಬಾದಾಮಿ, ವಿಜಯಪುರ, ಬೀದರ್, ದಾಂಡೇಲಿ, ಗೋಕರ್ಣ, ಮುರುಡೇಶ್ವರ, ಜೋಗ, ಆಗುಂಬೆ, ಶೃಂಗೇರಿ, ಹೊರನಾಡು, ಚಿಕ್ಕಮಗಳೂರು, ಬೇಲೂರು, ಕೊನೆಗೆ ‘ಹಾಗೇ ಮಡಿಕೇರಿ ಮುಗಿಸಿಕೊಂಡು’ ಬೆಂಗಳೂರು. ಇಷ್ಟಕ್ಕೂ ಹನ್ನೆರಡು ದಿನ! ಇಂಥ ಪ್ರವಾಸ ಮುಗಿಸಿ ಬಂದವರಿಗೆ ಬಾದಾಮಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದೆ ಪರದಾಡಿದ್ದು ನೆನಪಿರುತ್ತದೆ; ಮೂರನೇ ಗುಹೆಯಲ್ಲಿ ಆದಿಶೇಷನ ಮೇಲೆ ಕುಳಿತ ವಿಷ್ಣು ನೆನಪಿರುವುದಿಲ್ಲ. ಆ ಗುಹೆಯನ್ನು ಕ್ರಿ.ಶ. 578ರಲ್ಲಿ ಕೊರೆಸಿದ್ದು ಚಾಲುಕ್ಯರ ಮಂಗಲೇಶ. ಹದಿನಾಲ್ಕು ಶತಮಾನ ನಿಂತಿರುವ ಶಿಲ್ಪಕ್ಕೆ ಹತ್ತು ನಿಮಿಷವನ್ನೂ ಕೊಡದೆ ಓಡುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಬೆಂಗಳೂರಿನಿಂದ ಸ್ವಂತ ಕಾರಿನಲ್ಲೋ ಬಾಡಿಗೆ ಟಿಟಿಯಲ್ಲೋ ಹೊರಡುವ ಕುಟುಂಬ, ಕೈಯಲ್ಲಿ ಹನ್ನೆರಡು ದಿನ ಎಂದಿಟ್ಟುಕೊಂಡು ಆಯ್ಕೆ ಮಾಡುವ ಕ್ರಮ ಹೇಳುತ್ತೇನೆ.

ಹಂತ 1: ಮನೆಯವರನ್ನು ಕೇಳಿ

ಪ್ರತಿಯೊಬ್ಬರಿಂದಲೂ ‘ಇದನ್ನು ಮಾತ್ರ ಬಿಡಲಾರೆ’ ಎನ್ನುವ ಒಂದೇ ಒಂದು ಜಾಗ ಬರೆಸಿಕೊಳ್ಳಿ. ಅಜ್ಜಿಗೆ ಶೃಂಗೇರಿ, ಮಗನಿಗೆ ಗೋಳಗುಮ್ಮಟ, ನಿಮಗೆ ಜೋಗ. ಪಟ್ಟಿ ಶುರುವಾಗಬೇಕಾದದ್ದು ಇಲ್ಲಿಂದ. ‘7 ದಿನ, 18 ಸ್ಥಳ’ ಎಂದು ಮಾರುವ ಪ್ಯಾಕೇಜನ್ನು ತೆಗೆದುಕೊಳ್ಳಬೇಡಿ. ಅದರಲ್ಲಿ ಅರ್ಧ ಸ್ಥಳಗಳನ್ನು ಬಸ್ಸಿನ ಕಿಟಕಿಯಿಂದ ತೋರಿಸುತ್ತಾರೆ.

ಹಂತ 2: ತಿಂಗಳು ನೋಡಿ, ನೀರು ನೋಡಿ

ಎಲ್ಲರೂ ಎಡವುವುದು ಇಲ್ಲೇ. ಊರು, ಕೋಟೆ, ದೇವಸ್ಥಾನ ವರ್ಷವಿಡೀ ಒಂದೇ ತರಹ ಇರುತ್ತವೆ. ಹೆಚ್ಚೆಂದರೆ ಬಿಸಿಲು ಜಾಸ್ತಿ. ಜಲಪಾತ, ಹೊಳೆ, ಘಟ್ಟ ಹಾಗಲ್ಲ. ಏಪ್ರಿಲ್‌ನಲ್ಲಿ ಜೋಗಕ್ಕೆ ಹೋದವರಿಗೆ ಕಾಣುವುದು ಬಹುಪಾಲು ಬರೀ ಬಂಡೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ 253 ಮೀಟರ್ ಧುಮುಕುವುದು ಮಳೆಗಾಲದಲ್ಲಿ. ಅದೂ ಮಳೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಜೋಗದ ಮೇಲ್ಗಡೆ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಿಂದ ನದಿಯ ನೀರು ಮೊದಲು ಅಲ್ಲಿ ನಿಂತು, ಬಹುಪಾಲು ವಿದ್ಯುತ್ತಿಗೆ ಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅಣೆಕಟ್ಟಿನ ಕೆಳಗೆ ಬಿದ್ದ ಮಳೆಯೇ ಜಲಪಾತಕ್ಕೆ ಜೀವ ಕೊಡುತ್ತದೆ. ಮಳೆ ಕಡಿಮೆಯಾಗುವ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಜೋಗ ಹೇಗಿರುತ್ತದೆ ಎಂಬುದು ಅಣೆಕಟ್ಟು ತುಂಬಿತೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಇದನ್ನು ತಿಳಿಯಲು ದಿನಪತ್ರಿಕೆಯೇ ಸಾಕು. ಮಳೆಗಾಲವಿಡೀ ಜಲಾಶಯಗಳ ಮಟ್ಟದ ಪಟ್ಟಿ ಬರುತ್ತದಲ್ಲ, ಹೊರಡುವ ಮೂರು ವಾರ ಮೊದಲಿನಿಂದ ಅದನ್ನು ದಿನಾ ಓದಿ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ. ಇಂದಿನ ಮಟ್ಟ ಅದಕ್ಕೆ ಕೆಲವೇ ಅಡಿ ಕಡಿಮೆ ಇದ್ದು ಒಳಹರಿವೂ ಜೋರಾಗಿದ್ದರೆ ಗೇಟು ತೆಗೆಯುವ ಸಂಭವ ಇದೆ. ಜೋಗವನ್ನು ಕಣ್ಣುಮುಚ್ಚಿ ಪಟ್ಟಿಯಲ್ಲಿಡಿ. ಮಟ್ಟ ತೀರಾ ಕೆಳಗಿದ್ದು ಮಳೆಯೂ ನಿಂತಿದ್ದರೆ ಜೋಗಕ್ಕೆ ಇಟ್ಟ ಸಮಯವನ್ನು ಸಿದ್ದಾಪುರದ ಕಡೆಯ ಉಂಚಳ್ಳಿಗೆ ಕೊಡಿ. ಅಲ್ಲಿ 116 ಮೀಟರ್ ಧುಮುಕುವ ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಕಾಡಿಗೆ ಬಿದ್ದ ಮಳೆ ನೇರ ಜಲಪಾತಕ್ಕೆ ಬರುತ್ತದೆ. ಆ ಕಡೆಯವರು ಅದನ್ನು ಕೆಪ್ಪಜೋಗ ಎನ್ನುತ್ತಾರೆ.

ಅದೇ ಪಟ್ಟಿಯಲ್ಲಿ ತುಂಗಭದ್ರಾ ಜಲಾಶಯದ ಸಾಲನ್ನೂ ಓದಿ. ಹಂಪಿಗೆ ಹೋಗುವವರಿಗೆ ಅಲ್ಲಿ ಬೇಕಾದದ್ದು ಹೊರಹರಿವಿನ ಅಂಕಿ. ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ಹಂಪಿಯ ಪುರಂದರ ಮಂಟಪ ಹೊಳೆಯಲ್ಲಿ ಮುಳುಗುತ್ತದೆ, ತೆಪ್ಪ, ದೋಣಿ ನಿಲ್ಲುತ್ತವೆ. ಆಚೆ ದಡದ ಆನೆಗೊಂದಿ, ಅಂಜನಾದ್ರಿ ನೋಡಬೇಕೆಂದರೆ ರಸ್ತೆಯಲ್ಲಿ ಬಳಸಿಕೊಂಡು ಹೋಗಬೇಕಾಗುತ್ತದೆ. ಅದಕ್ಕೆ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಹಾಗಾದರೆ ಯಾವ ತಿಂಗಳು? ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ನಡುವಿನವರೆಗೆ. ಘಟ್ಟದಲ್ಲಿ ಇನ್ನೂ ನೀರಿರುತ್ತದೆ, ಬಯಲುಸೀಮೆಯಲ್ಲಿ ಬಿಸಿಲು ತಡೆದುಕೊಳ್ಳುವಷ್ಟಿರುತ್ತದೆ. ಶಾಲೆಯ ದಸರಾ ರಜೆಯೂ ಸಾಮಾನ್ಯವಾಗಿ ಆಗಲೇ ಬರುತ್ತದೆ. ಜಿಗಣೆಗೆ ಮಲೆನಾಡಿನವರು ಹೇಳುವ ಇಂಬಳ ಆಗ ಇನ್ನೂ ಇರುತ್ತದೆ. ಉಪ್ಪು ಅಥವಾ ನಶ್ಯದ ಪುಡಿ ಕಟ್ಟಿಕೊಂಡು ಹೋಗಿ, ಅದು ಸಾಕು. ಪಾರದರ್ಶಕ ಪ್ಲಾಸ್ಟಿಕ್ಕಿನ, ಒಮ್ಮೆ ಹಾಕಿ ಬಿಸಾಡುವ ಮಳೆಕೋಟನ್ನು ಮಾತ್ರ ಕೊಳ್ಳಬೇಡಿ. ಆಗುಂಬೆಯ ಗಾಳಿಗೆ ಮೊದಲ ತಿರುವಿನಲ್ಲೇ ಕಂಕುಳಲ್ಲಿ ಹರಿದುಹೋಗುತ್ತದೆ.

ಬೇಸಿಗೆ ರಜೆಯಲ್ಲೇ ಹೋಗುವುದು ಅನಿವಾರ್ಯ ಎನ್ನುವವರು ಜಲಪಾತಗಳನ್ನೆಲ್ಲ ಪಟ್ಟಿಯಿಂದ ತೆಗೆದುಬಿಡಿ. ಹಂಪಿ, ಬಾದಾಮಿಯನ್ನು ಬೆಳಿಗ್ಗೆ ಹತ್ತರೊಳಗೆ, ಸಂಜೆ ನಾಲ್ಕೂವರೆಯ ಮೇಲೆ ಮಾತ್ರ ನೋಡಿ. ಚಪ್ಪಲಿ ಬಿಟ್ಟು ನಡೆಯುವ ಕಡೆ ಕಲ್ಲು ಹಾಸು ಕಾದ ಹಂಚಿನಂತೆ ಸುಡುತ್ತದೆ. ದಪ್ಪ ಕಾಲುಚೀಲ ಜೊತೆಗಿರಲಿ, ಮುಖ್ಯವಾಗಿ ಮಕ್ಕಳಿಗೆ.

ಹಂತ 3: ಬಿಡುವುದು

ಇನ್ನು ಪಟ್ಟಿಗೆ ಕತ್ತರಿ. ನನ್ನ ನಿಯಮ ಸರಳ: ಶನಿವಾರ, ಭಾನುವಾರದಲ್ಲಿ ಮುಗಿಯುವ ಊರಿಗೆ ದೊಡ್ಡ ಪ್ರವಾಸದ ರಾತ್ರಿಯೊಂದನ್ನು ಖರ್ಚು ಮಾಡಬಾರದು. ಹೀಗಾಗಿ ಮಡಿಕೇರಿ ಹೋಯಿತು, ಚಿಕ್ಕಮಗಳೂರು ಹೋಯಿತು. ಬೇಲೂರು, ಹಳೇಬೀಡು ಮರಳುವ ದಾರಿಯಲ್ಲೇ ಸಿಗುವುದರಿಂದ ಉಳಿಯಲಿ.

ಸಮುದ್ರವನ್ನೂ ಬಿಡಿ. ಮುಂಗಾರು ಪೂರ್ತಿ ಇಳಿಯದ ಸೆಪ್ಟೆಂಬರ್‌ನಲ್ಲಿ ಕರಾವಳಿಯ ಅಲೆ ಮಕ್ಕಳನ್ನು ನೀರಿಗಿಳಿಸುವಂಥದ್ದಲ್ಲ. ಘಟ್ಟ ಇಳಿದು ಮತ್ತೆ ಹತ್ತುವುದರಲ್ಲಿ ಎರಡು ದಿನ ಸುಮ್ಮನೆ ಹೋಗುತ್ತದೆ. ಗೋಕರ್ಣ, ಮುರುಡೇಶ್ವರಕ್ಕೆ ಡಿಸೆಂಬರ್‌ನಲ್ಲಿ ಬೇರೆಯಾಗಿ ಹೋಗಿ.

ಬೀದರ್ ಬಿಡುವುದು ನಿಜಕ್ಕೂ ಕಷ್ಟ. 1472ರ ಮಹಮೂದ್ ಗವಾನ್ ಮದರಸಾದ ಗೋಡೆಯ ಮೇಲೆ ಉಳಿದಿರುವ ಬಣ್ಣದ ಹೆಂಚುಗಳನ್ನು ಹತ್ತಿರದಿಂದ ನೋಡಿದವರಿಗೆ ಅದು ಗೊತ್ತು. ಆದರೆ ವಿಜಯಪುರದಿಂದ ಕಲಬುರಗಿ ದಾಟಿ ಅಲ್ಲಿಗೆ ಹೋದರೆ ಮಲೆನಾಡು ಪೂರ್ತಿ ಬೆನ್ನಿಗೆ ಬೀಳುತ್ತದೆ. ಕಲಬುರಗಿ, ಬೀದರ್ ಎರಡನ್ನೂ ಸೇರಿಸಿ ರೈಲಿನಲ್ಲಿ ಇನ್ನೊಂದು ಪ್ರವಾಸ ಮಾಡಿ. ಆ ಎರಡು ಊರಿಗೂ ಅಷ್ಟು ಯೋಗ್ಯತೆ ಇದೆ.

ಹಂತ 4: ತಂಗುವ ಊರು ಗೊತ್ತುಮಾಡಿ

ಉಳಿದದ್ದನ್ನು ಹೀಗೆ ಹೊಂದಿಸಬಹುದು: ಕಮಲಾಪುರ ಅಥವಾ ಹೊಸಪೇಟೆಯಲ್ಲಿ ಮೂರು ರಾತ್ರಿ, ಬಾದಾಮಿಯಲ್ಲಿ ಎರಡು, ವಿಜಯಪುರದಲ್ಲಿ ಒಂದು, ಶಿರಸಿಯಲ್ಲಿ ಎರಡು, ಜೋಗದಲ್ಲಿ ಒಂದು, ಶೃಂಗೇರಿಯಲ್ಲಿ ಒಂದು. ಒಟ್ಟು ಹತ್ತು. ಹನ್ನೊಂದನೆಯ ರಾತ್ರಿಯನ್ನು ಖಾಲಿ ಬಿಡಿ, ಅದರ ಮಾತು ಕೊನೆಗೆ.

ದೂರವನ್ನು ಕಿಲೋಮೀಟರಿನಲ್ಲಿ ಎಣಿಸಬೇಡಿ, ಗಂಟೆಯಲ್ಲಿ ಎಣಿಸಿ. ಹೆದ್ದಾರಿಯಲ್ಲಿ ಗಂಟೆಗೆ ಅರವತ್ತು, ಜಿಲ್ಲಾ ರಸ್ತೆಯಲ್ಲಿ ನಲವತ್ತು, ಘಟ್ಟದಲ್ಲಿ ಮೂವತ್ತು ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ. ಮಲೆನಾಡಿನಲ್ಲಿ ಮೊಬೈಲಿನ ಮ್ಯಾಪ್ ತೋರಿಸುವ ಹತ್ತಿರದ ದಾರಿಗೆ ಇಳಿಯಲೇಬೇಡಿ. ಅಡಿಕೆ ತೋಟದ ನಡುವೆ ಒಂದೇ ಗಾಡಿ ಹಿಡಿಸುವ ರಸ್ತೆ, ಎದುರಿಗೊಂದು ಪಿಕಪ್ ಬಂದರೆ ಅರ್ಧ ಕಿಲೋಮೀಟರ್ ಹಿಂದಕ್ಕೆ ಹೋಗಬೇಕು, ಸಿಗ್ನಲ್ ಕೂಡ ಇರುವುದಿಲ್ಲ. ಬಸ್ಸು ಓಡಾಡುವ ರಸ್ತೆಯಲ್ಲೇ ಹೋಗಿ.

ಹೊಸಪೇಟೆಯಿಂದ ಬಾದಾಮಿಗೆ ಹೆಚ್ಚಿನವರು ಗಜೇಂದ್ರಗಡದ ಮೇಲೆ ಹೋಗುತ್ತಾರೆ, ಅದು ಹತ್ತಿರ. ನೀವು ಕುಷ್ಟಗಿ, ಇಳಕಲ್, ಹುನಗುಂದದ ಮೇಲೆ ಹೋಗಿ. ಇಳಕಲ್‌ನಲ್ಲಿ ಸೀರೆ, ಅಮೀನಗಡದಲ್ಲಿ ಕರದಂಟು. ಇದಕ್ಕಿಂತ ದೊಡ್ಡ ಲಾಭ ಎಂದರೆ ಐಹೊಳೆ ಮೊದಲು ಸಿಗುತ್ತದೆ, ಆಮೇಲೆ ಪಟ್ಟದಕಲ್ಲು. ಚಾಲುಕ್ಯರ ಶಿಲ್ಪಿಗಳು ದೇವಸ್ಥಾನ ಹೇಗಿರಬೇಕು ಎಂದು ಬಗೆಬಗೆಯಾಗಿ ಕಟ್ಟಿ ನೋಡಿದ್ದು ಐಹೊಳೆಯಲ್ಲಿ. ಕೈ ಪಳಗಿದ ಮೇಲೆ ಕಟ್ಟಿದ್ದು ಪಟ್ಟದಕಲ್ಲಿನ ವಿರೂಪಾಕ್ಷ. ಕಂಚಿಯ ಪಲ್ಲವರ ಮೇಲಿನ ಗೆಲುವಿಗಾಗಿ ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಐಹೊಳೆಯ ದುರ್ಗ ಗುಡಿಯ ಸುತ್ತುಪಡಸಾಲೆ ನೋಡಿಕೊಂಡು ಬಂದವರಿಗೆ ವಿರೂಪಾಕ್ಷದ ಒಂದೊಂದು ಕಂಬವೂ ಅರ್ಥವಾಗುತ್ತದೆ. ತಿರುಗಾಮುರುಗಾ ನೋಡಿದರೆ ಐಹೊಳೆ ಸಪ್ಪೆ ಎನಿಸುತ್ತದೆ, ಅದು ಐಹೊಳೆಗೆ ಮಾಡುವ ಅನ್ಯಾಯ.

ವಿಜಯಪುರದಿಂದ ಶಿರಸಿಗೆ ಸುಮಾರು 300 ಕಿಲೋಮೀಟರ್. ಇಡೀ ಪ್ರವಾಸದಲ್ಲಿ ಉದ್ದನೆಯ ಓಡಾಟದ ದಿನಗಳಲ್ಲಿ ಇದೊಂದು. ಊಟಕ್ಕೆ ಹುಬ್ಬಳ್ಳಿಯಲ್ಲಿ ನಿಲ್ಲಿಸಿ, ಬೇರೇನೂ ನೋಡಬೇಡಿ.

ಹಂತ 5: ಯಾವ ಜಾಗಕ್ಕೆ ಯಾವ ಹೊತ್ತು

ಚಿತ್ರದುರ್ಗದ ಕೋಟೆ ಮೊದಲ ದಿನವೇ ದಾರಿಯಲ್ಲಿ ಸಿಗುತ್ತದೆ. ಬೆಂಗಳೂರನ್ನು ಬೆಳಿಗ್ಗೆ ಐದಕ್ಕೆ ಬಿಟ್ಟರೆ ಬಿಸಿಲೇರುವ ಮೊದಲು ಹತ್ತಬಹುದು.

ಬಾದಾಮಿಯ ಗುಹೆಗಳಿಗೆ ಬೆಳಿಗ್ಗೆ ಹೋಗಿ, ತಿಂಡಿಯ ಚೀಲ ಗಾಡಿಯಲ್ಲೇ ಇರಲಿ, ಕೋತಿಗಳು ಕಿತ್ತುಕೊಳ್ಳುತ್ತವೆ. ಸಂಜೆಯನ್ನು ಪೂರ್ತಿ ಭೂತನಾಥ ಗುಡಿಗೆ ಇಡಿ. ಅಗಸ್ತ್ಯ ತೀರ್ಥದ ಪೂರ್ವ ದಡದಲ್ಲಿ ಪಶ್ಚಿಮಕ್ಕೆ ಮುಖಮಾಡಿ ನಿಂತಿರುವ ಗುಡಿ ಅದು. ಬಿಸಿಲು ಇಳಿಯುತ್ತಾ ಬಂದಂತೆ ಮಂಟಪದ ಕಂಬಗಳು ಮೊದಲು ಹಳದಿಯಾಗಿ, ಆಮೇಲೆ ಹಿಂದಿನ ಬಂಡೆಯ ಜೊತೆ ಕೆಂಪೇರುತ್ತವೆ. ಕೆರೆಗೆ ಇಳಿಯುವ ಮೆಟ್ಟಿಲ ಮೇಲೆ ಕುಳಿತು ಕತ್ತಲಾಗುವವರೆಗೆ ನೋಡಿ. ಎರಡು ರಾತ್ರಿ ಬಾದಾಮಿಯಲ್ಲಿರಿ ಎಂದು ನಾನು ಹಟ ಹಿಡಿಯುವುದು ಈ ಒಂದು ಗಂಟೆಗಾಗಿ.

ಗೋಳಗುಮ್ಮಟಕ್ಕೆ ಬಾಗಿಲು ತೆಗೆದ ಕೂಡಲೇ ಹೋಗಿ. 1656ರ ಹೊತ್ತಿಗೆ ಮುಗಿದ ಆ ಗುಮ್ಮಟದ ಒಳಗಿನ ಸುತ್ತುಜಗಲಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಬದಿಯವರಿಗೆ ಕೇಳುತ್ತದೆ, ಚಪ್ಪಾಳೆ ಮತ್ತೆ ಮತ್ತೆ ಮರಳಿ ಬರುತ್ತದೆ. ಹತ್ತು ಗಂಟೆಗೆ ಶಾಲಾ ಬಸ್ಸುಗಳು ಬಂದವೆಂದರೆ ಕೇಳುವುದು ಕೂಗಾಟವಷ್ಟೇ. ಇಬ್ರಾಹಿಂ ರೋಜಾವನ್ನು ಹಿಂದಿನ ಸಂಜೆಯೇ ನೋಡಿ ಮುಗಿಸಿ.

ವಾರದ ಲೆಕ್ಕವನ್ನೂ ಹಾಕಿ. ಕಮಲಾಪುರ, ಬಾದಾಮಿ, ಐಹೊಳೆಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಶೃಂಗೇರಿಯಲ್ಲಿ, ಬೇಲೂರಿನಲ್ಲಿ ಪೂಜೆ ನಡೆಯುವುದರಿಂದ ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಆ ತೊಂದರೆ ಇಲ್ಲ. ಹಾಗಾಗಿ ಬೇಲೂರು ಮೊದಲು, ಊಟ, ಆಮೇಲೆ ಹಳೇಬೀಡು.

ಜೋಗಕ್ಕೆ ಮಧ್ಯಾಹ್ನ ಬಂದು ಸಂಜೆ ಹೊರಡುವವರೇ ಹೆಚ್ಚು. ಮಂಜು ಕವಿದು ಏನೂ ಕಾಣದಿದ್ದರೆ ಬೈದುಕೊಂಡು ಹೋಗುತ್ತಾರೆ. ಕಾಯಬೇಕು. ಬಿಳಿ ಪರದೆಯ ಹಿಂದೆ ಸದ್ದು ಕೇಳುತ್ತಿರುತ್ತದೆ, ಗಾಳಿ ಬೀಸಿದಾಗ ಮೊದಲು ಒಂದು ಕವಲು, ಅದರ ಪಕ್ಕದ್ದು, ಹೀಗೆ ಕಾಣಿಸಿಕೊಂಡು ಮತ್ತೆ ಮುಚ್ಚುತ್ತದೆ. ರಾತ್ರಿ ಅಲ್ಲೇ ಉಳಿದರೆ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ನೋಡಲು ಸಿಗುತ್ತದೆ.

ಹಂತ 6: ಬುಕಿಂಗ್

ದಸರಾ ಸಮಯದಲ್ಲಿ ಕಮಲಾಪುರ, ಬಾದಾಮಿ, ಜೋಗದಲ್ಲಿ ಕೋಣೆ ಸಿಗುವುದು ಕಷ್ಟ, ಎರಡು ತಿಂಗಳು ಮೊದಲೇ ಕಾಯ್ದಿರಿಸಿ. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳು ಮೂರೂ ಕಡೆ ಇವೆ. ಶಿರಸಿಯಲ್ಲಿ ಹೋಮ್‌ಸ್ಟೇ ಒಳ್ಳೆಯದು, ಆದರೆ ಊಟಕ್ಕೆ ಎಷ್ಟು ಜನ ಎಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಿ.

ಖಾಲಿ ಬಿಟ್ಟ ರಾತ್ರಿಯನ್ನು ಶಿರಸಿಯಿಂದ ಮುಂದಕ್ಕೆ ಎಲ್ಲಿ ಬೇಕಾದರೂ ಇಳಿಸಬಹುದು. ಜೋಗ ಮಂಜಿನಿಂದ ಹೊರಬರದಿದ್ದರೆ ಅಲ್ಲಿಗೇ ಕೊಡಿ. ಜೋಗ ಚೆನ್ನಾಗಿ ಕಂಡಿತೆಂದರೆ ಸಾಗರದ ಹತ್ತಿರದ ಇಕ್ಕೇರಿಯ ಅಘೋರೇಶ್ವರ ನೋಡಿಕೊಂಡು ಆಗುಂಬೆಗೆ ಹೋಗಿ ಉಳಿಯಿರಿ. ಆಗುಂಬೆಯ ಸೂರ್ಯಾಸ್ತ ಸರಿಯಾಗಿ ಕಾಣುವುದು ನವೆಂಬರ್ ನಂತರ, ಅದನ್ನು ನಂಬಿಕೊಂಡು ಹೋಗಬೇಡಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನಲ್ಲಿ ಮಳೆ ಹೇಗೆ ಬರುತ್ತದೆ ಎಂಬುದನ್ನು ಜಗಲಿಯ ಮೇಲೆ ಕುಳಿತು ನೋಡುವುದಕ್ಕೆ ಹೋಗಿ. ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಹೊರಟರೂ ಶೃಂಗೇರಿಯ ಬೆಳಗಿನ ದರ್ಶನಕ್ಕೆ ಸಮಯ ಧಾರಾಳ.